ಜಪಾನಿನ ತರಗತಿಯಲ್ಲಿ ಪಿಸುಮಾತು ಹಿಡಿದದ್ದು: ನನ್ನ ಅನುಭವ

ಜಪಾನಿನ ಪ್ರಾಥಮಿಕ ಶಾಲೆಯ ಇಂಗ್ಲಿಷ್ ಪಾಠದ ಬಗ್ಗೆ ಪ್ರಶ್ನಾವಳಿ ಇಟ್ಟುಕೊಳ್ಳದೆ ಸಂಶೋಧನೆ ಮಾಡುತ್ತೇನೆ ಅಂದಾಗ ವಿಭಾಗದಲ್ಲಿ ಯಾರಿಗೂ ನಂಬಿಕೆ ಬರಲಿಲ್ಲ. ಮಕ್ಕಳ ಪಿಸುಮಾತು ಡೇಟಾ ಹೇಗಾಗುತ್ತದೆ ಎಂದು ಸೆಮಿನಾರಿನಲ್ಲೇ ಕೇಳಿದರು. ಈಗ ಆ ಪಿಸುಮಾತುಗಳಿಂದಲೇ ನನ್ನ ಪ್ರಬಂಧ ಮುಗಿದಿದೆ. ಅಂದು ಕೇಳಿದವರಲ್ಲೇ ಒಬ್ಬರು ನನ್ನ ವಿಧಾನವನ್ನು ತಮ್ಮ ಕೆಲಸಕ್ಕೆ ಬಳಸುತ್ತಿದ್ದಾರೆ.

ಒಕಾಯಾಮಾ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿ ಕೆಲವು ವರ್ಷ ಎಎಲ್‌ಟಿಯಾಗಿ, ಅಂದರೆ ಸಹಾಯಕ ಭಾಷಾ ಶಿಕ್ಷಕ ಹುದ್ದೆಯಲ್ಲಿ, ಇಂಗ್ಲಿಷ್ ಕಲಿಸಿ ಊರಿಗೆ ಮರಳಿದ್ದೆ. 2020ರಿಂದ ಅಲ್ಲಿ ಐದು ಮತ್ತು ಆರನೇ ತರಗತಿಗೆ ಇಂಗ್ಲಿಷ್ ಪೂರ್ಣ ಪ್ರಮಾಣದ ವಿಷಯವಾಯಿತು. 45 ನಿಮಿಷದ ಪಿರಿಯಡ್, ವರ್ಷಕ್ಕೆ 70. ಮೊದಲು ಹಾಡು, ಆಟದಲ್ಲಿ ಸಾಗುತ್ತಿದ್ದ ಪಾಠಕ್ಕೆ ಮೌಲ್ಯಮಾಪನ ಬಂದಮೇಲೆ ಮಕ್ಕಳಿಗೆ ಏನಾಗುತ್ತಿದೆ ಎಂದು ನೋಡಲೇಬೇಕು ಅನ್ನಿಸಿತು. ಜಪಾನಿನ ಶಿಕ್ಷಣ ಸಚಿವಾಲಯದ ಮೆಕ್ಸ್ಟ್ ವಿದ್ಯಾರ್ಥಿವೇತನ ಸಿಕ್ಕಿತು: ತಿಂಗಳಿಗೆ ಸುಮಾರು 1.43 ಲಕ್ಷ ಯೆನ್, ಶುಲ್ಕವಿಲ್ಲ. ಬಾಡಿಗೆ, ವಿಮೆ, ಶಾಲೆಗೆ ಹೋಗಿಬರುವ ರೈಲು, ಬಸ್ಸಿನ ಖರ್ಚು ಕಳೆದರೆ ಉಪಕರಣಕ್ಕೆ ಉಳಿಯುವುದು ಅಷ್ಟಕ್ಕಷ್ಟೇ.

ಎಲ್ಲರ ಒತ್ತಾಯಕ್ಕೆ ಮೊದಲು ಪ್ರಶ್ನಾವಳಿಯನ್ನೇ ಹಂಚಿದೆ. ಬಹುತೇಕ ಮಕ್ಕಳು 'ಸ್ವಲ್ಪ ಮಟ್ಟಿಗೆ ಹೌದು' ಎಂಬುದಕ್ಕೇ ಸುತ್ತು ಹಾಕಿ ಕೊಟ್ಟರು. ಆಮೇಲೆ ಕ್ಯಾಮೆರಾ ಇಟ್ಟೆವು. ಅದು ಕಂಡದ್ದೇ ತಡ, ಇಡೀ ತರಗತಿ ನೆಟ್ಟಗೆ ಕೂತಿತು. ಮೇಜಿನ ಮೇಲೆ ಒಂದು ಒಳ್ಳೆಯ ಮೈಕ್ ಇಟ್ಟು ನೋಡಿದರೆ ಕುರ್ಚಿ ಎಳೆಯುವ ಸದ್ದು ಬಿಟ್ಟು ಬೇರೇನೂ ಇಲ್ಲ. ಆ ಮೈಕಿಗೆ 20 ಸಾವಿರ ಯೆನ್ ಹತ್ತಿರ ಹೋಗಿತ್ತು. ಅಷ್ಟರಲ್ಲಿ ಶಾಲಾ ವರ್ಷ ಮುಗಿಯುವ ಮಾರ್ಚ್ ಕೊನೆಯ ವರ್ಗಾವಣೆ ಬಂತು. ಅನುಮತಿ ಕೊಟ್ಟಿದ್ದ ಮುಖ್ಯೋಪಾಧ್ಯಾಯರು ಬೇರೆ ಶಾಲೆಗೆ ಹೋದರು, ಹೊಸಬರ ಮುಂದೆ ಮತ್ತೆ ಮೊದಲಿಂದ.

ಕೊನೆಗೆ ಕೈ ಹಿಡಿದದ್ದು ಸೆಕೆಂಡ್ ಹ್ಯಾಂಡ್ ರೆಕಾರ್ಡರುಗಳು, ಒಂದಕ್ಕೆ ಮೂರು ಸಾವಿರ ಯೆನ್ ಆಸುಪಾಸು. ಗುಂಪು ಚಟುವಟಿಕೆಗೆ ನಾಲ್ಕು ಡೆಸ್ಕ್ ಕೂಡಿಸುತ್ತಾರಲ್ಲ, ಅವು ಸೇರುವ ಜಾಗದಲ್ಲಿ ದಪ್ಪ ಫೆಲ್ಟ್ ಹಾಸಿ ಒಂದನ್ನು ಇಟ್ಟೆ. ಪೆನ್ಸಿಲ್ ಬಡಿಯುವ ಸದ್ದು ಫೆಲ್ಟಿನಲ್ಲೇ ಸಾಯುತ್ತದೆ. ರೆಕಾರ್ಡರನ್ನು ಯಾವ ಕೋನಕ್ಕೆ ತಿರುಗಿಸಿದರೆ ನಾಲ್ಕು ದನಿ ಬೇರೆ ಬೇರೆಯಾಗಿ ಸಿಗುತ್ತದೆ ಎಂಬುದನ್ನು ಮಾತ್ರ ಲೇಖನ ಅಚ್ಚಾಗುವವರೆಗೆ ಹೇಳುವುದಿಲ್ಲ. ಪೋಷಕರ ಒಪ್ಪಿಗೆಯ ಜೊತೆಗೆ ಮಕ್ಕಳ ಒಪ್ಪಿಗೆಯನ್ನೂ ಫುರಿಗಾನಾ (ಕಷ್ಟದ ಅಕ್ಷರಗಳ ಪಕ್ಕ ಬರೆಯುವ ಉಚ್ಚಾರಣೆ) ಇರುವ ಹಾಳೆಯಲ್ಲಿ ಪಡೆದೆ. ಬೇಡ ಅಂದವರ ಗುಂಪಿಗೆ ರೆಕಾರ್ಡರ್ ಇಲ್ಲ.

ಒಂದು ತುಣುಕು ಹೇಳುತ್ತೇನೆ. ಹುಟ್ಟುಹಬ್ಬಕ್ಕೆ ಏನು ಬೇಕು ಎಂಬುದು ಪಾಠ. ಒಬ್ಬ ಹುಡುಗಿ ಪಕ್ಕದವಳಿಗೆ ಪಿಸುಗುಡುತ್ತಾಳೆ (ಶಿರೋಯಿ ಅಂದರೆ ಜಪಾನಿಯಲ್ಲಿ ಬಿಳಿ): "ಐ ವಾಂಟ್... ಶಿರೋಯಿ... ವೈಟ್, ವೈಟ್ ಶೂಸ್." ಮರುಕ್ಷಣ ಟೀಚರ್ ಅವಳನ್ನೇ ಎಬ್ಬಿಸಿದಾಗ ಬಂದ ಉತ್ತರ "ಐ ವಾಂಟ್ ಶೂಸ್." ಊಟದ ನಂತರದ ಬಿಡುವಿನಲ್ಲಿ ಆ ಭಾಗ ಕೇಳಿಸಿ, ವೈಟ್ ಯಾಕೆ ಬಿಟ್ಟೆ ಅಂದೆ. "ತಪ್ಪಾದರೆ ಅಂತ." ಟೀಚರ್ ಕಿವಿಗೆ ಬಿದ್ದದ್ದು, ಅಂಕ ಸಿಕ್ಕಿದ್ದು ಸಣ್ಣ ಉತ್ತರಕ್ಕೆ. ಮಗುವಿಗೆ ಗೊತ್ತಿದ್ದದ್ದು ದೊಡ್ಡದು. ಇಂಥವು ಒಂದೆರಡಲ್ಲ, ಗುಂಪು ಗುಂಪಿನಲ್ಲೂ ಸಿಕ್ಕವು. ಆಡಿಯೋ ಕೇಳಿಸುವುದು ಅದೇ ದಿನ ಆಗಬೇಕು. ಮರುದಿನ ಕೇಳಿದರೆ ದೊಡ್ಡವರಿಗೆ ಹಿತವಾಗುವ ಉತ್ತರ ಬರುತ್ತದೆ.

ನಡುವೆ ಇನ್ನೊಂದನ್ನೂ ನೋಡಿದೆ. ಪ್ರಶ್ನೆ ಕೇಳಿದ ಶಿಕ್ಷಕರು ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು 1970ರ ದಶಕದಲ್ಲೇ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿದ್ದರು. ಇಲ್ಲಿ ಮೂರು ಸೆಕೆಂಡ್ ಕಾದರೂ ಹೆಚ್ಚೇನೂ ಬದಲಾಗಲಿಲ್ಲ. ಅದರ ಬದಲು ಪಕ್ಕದವರಿಗೆ ಪಿಸುಗುಟ್ಟಿ ಹೇಳಲು ಹತ್ತು ಸೆಕೆಂಡ್ ಬಿಟ್ಟರೆ ಎದ್ದು ನಿಂತಾಗ ಬರುವ ವಾಕ್ಯ ಉದ್ದವಾಗುತ್ತದೆ. ಸಣ್ಣ ಪ್ರಯೋಗ, ಆದರೆ ಆ ತರಗತಿಯ ಶಿಕ್ಷಕಿ ಈಗಲೂ ಹಾಗೇ ಮಾಡುತ್ತಿದ್ದಾರೆ. ನನಗೆ ಪದವಿಗಿಂತ ಹೆಚ್ಚಿನ ಸಂತೋಷ ಅದು.

ಸಮಯ ತಿಂದದ್ದು ಆಡಿಯೋವನ್ನು ಬರಹಕ್ಕಿಳಿಸುವ ಕೆಲಸ. ಸಾಫ್ಟ್‌ವೇರ್ ಜಪಾನಿ, ಇಂಗ್ಲಿಷ್ ಬೆರೆತ ಪಿಸುಮಾತಿನ ಮುಂದೆ ಸೋತಿತು, ಇಂಗ್ಲಿಷನ್ನೂ ಜಪಾನಿನ ಕತಕಾನಾ ಲಿಪಿಯಲ್ಲಿ ಬರೆದಿಟ್ಟಿತು. ಹೊರಗೆ ಕೊಟ್ಟರೆ ಒಂದು ಗಂಟೆಯ ಆಡಿಯೋಗೆ ಹತ್ತು ಸಾವಿರ ಯೆನ್ನಿಗೂ ಮೇಲೆ. ಹಾಗಾಗಿ ನಾನೇ ಕೂತೆ. ಒಂದು ಗಂಟೆಯ ಆಡಿಯೋಗೆ ಹತ್ತಿರ ಹತ್ತಿರ ಒಂದು ಇಡೀ ದಿನ.

ಈ ದಾರಿ ಹಿಡಿಯುವವರು ಚಳಿಗಾಲದಲ್ಲೇ ಶಿಕ್ಷಣ ಮಂಡಳಿಗೆ ಪತ್ರ ಕೊಡಿ. ಆದರೆ ಏಪ್ರಿಲ್‌ನಲ್ಲಿ ಯಾವ ಶಾಲೆಗೆ ಯಾವ ಮುಖ್ಯೋಪಾಧ್ಯಾಯರು ಬಂದರು ಎಂದು ತಿಳಿಯುವವರೆಗೆ ರೆಕಾರ್ಡರ್ ಕೊಳ್ಳಬೇಡಿ.