ಬೆಂಕಿಪೊಟ್ಟಣದ ನರಿ, ಹುಳಿ ದ್ರಾಕ್ಷಿ, ನಮ್ಮನೆ ಮೊಳಕೆ ಕಾಳು – ನನ್ನ ಅನುಭವ

ಹಳೇ ಬೆಂಕಿಪೊಟ್ಟಣದ ಲೇಬಲ್‌ನ ನೀರಲ್ಲಿ ಮುಳುಗಿಸ್ದೆ ಬಿಡಿಸ್ಬೋದು ಅಂತ ನಾನು ಹೇಳ್ದಾಗ ಕೆಲವ್ರು ನಕ್ಕಿದ್ರಲ್ಲ, ಅವ್ರೆಲ್ಲ ಓದ್ಲಿ ಅಂತಾನೇ ಇದನ್ನ ಬರೀತಿರೋದು. ಇವತ್ತು ನನ್ನ ಆಲ್ಬಮಲ್ಲಿ ಹತ್ರತ್ರ 40 ಲೇಬಲ್ ಇದಾವೆ, ಎಲ್ಲಾ ನೀತಿಕಥೆದೇ, ಈ ದಾರಿ ಸಿಕ್ಕಿದ ಮೇಲೆ ಬಿಡಿಸಿದ್ದು ಒಂದೂ ಬಣ್ಣ ಬಿಟ್ಟಿಲ್ಲ. ಬೆಂಗಳೂರಲ್ಲಿ ನನ್ನಂಗೇ ಲೇಬಲ್ ಕೂಡಿಡೋ ಹಿರಿಯರೊಬ್ರು "ಕೋಲಾರದವ್ರು ಮಣ್ಣಲ್ಲಿ ಚಿನ್ನ ತೆಗೆದವ್ರಪ್ಪ, ಪೊಟ್ಟಣದಲ್ಲೂ ಏನೋ ತೆಗೀತಾರೆ" ಅಂತ ಗೇಲಿ ಮಾಡಿದ್ರು. ಮೊನ್ನೆ ಅವ್ರೇ ನನ್ನ ಮೊಸಳೆ-ಕೋತಿ ಲೇಬಲ್ ನೋಡಿ ಲೆನ್ಸ್ ಈಸ್ಕೊಂಡು ಹತ್ತು ನಿಮಿಷ ಮಾತಾಡ್ಲಿಲ್ಲ.

ದೇವ್ರು, ಹಡಗು, ಸಿನಿಮಾ ಸ್ಟಾರು ಇವೆಲ್ಲ ನಂಗೆ ಬೇಡ. ಬಾವೀಲಿ ನೆರಳು ನೋಡೋ ಸಿಂಹ, ಕೋಲು ಕಚ್ಕೊಂಡು ಹಂಸಗಳ ಜೊತೆ ಹಾರೋ ಆಮೆ, ಹೂಜಿಗೆ ಕಲ್ಲು ಹಾಕೋ ಕಾಗೆ, ಇಂಥವು ಮಾತ್ರ. ಇದ್ರಲ್ಲಿ ಕಷ್ಟ ಏನಪ್ಪಾಂದ್ರೆ ಚೆಕೊಸ್ಲೊವಾಕಿಯಾ, ಸೋವಿಯತ್ ಕಡೆ ಲೇಬಲ್ ಕೂಡಿಡೋರಿಗೆ ಅಂತಾನೇ ಸೆಟ್ ಸೆಟ್ ಪ್ರಿಂಟ್ ಹಾಕ್ತಿದ್ರು, ದುಡ್ಡು ಕೊಟ್ರೆ ಪೂರ್ತಿ ಸಿಗುತ್ತೆ. ನಮ್ಮ ಕಡೆ ಹಂಗಲ್ಲ, ಯಾವ್ದೋ ಫ್ಯಾಕ್ಟರಿಯವ್ನಿಗೆ ನರಿ ಹಿಡಿಸ್ತು ನರಿ ಹಾಕ್ದ, ಅದು ಓಡ್ತು ಅಂದ್ರೆ ಪಕ್ಕದವ್ನು ಅದೇ ನರಿನ ಬಾಲ ಸ್ವಲ್ಪ ತಿರುಗಿಸಿ ಹಾಕ್ದ. ಲಿಸ್ಟು ಇಲ್ಲ, ಕ್ಯಾಟಲಾಗ್ ಇಲ್ಲ, ಸಿಕ್ಕಿದ್ದೇ ಸೀರುಂಡೆ.

ಮೊದಲು ದುಡ್ಡಿನ ವಿಷಯ ಹೇಳ್ಬಿಡ್ತೀನಿ, ಮುಚ್ಚಿಟ್ಕೊಂಡು ಏನ್ಮಾಡೋದು. ಶುರುನಲ್ಲೇ ಆನ್‌ಲೈನಲ್ಲಿ "1940ರ ಪಂಚತಂತ್ರ ಲೇಬಲ್ 100" ಅಂತ ಒಂದು ಲಾಟ್‌ಗೆ 3,200 ರೂಪಾಯಿ ಕಟ್ದೆ. ಬಂತು, ಬಣ್ಣ ನೋಡಿ ಖುಷಿಯೋ ಖುಷಿ, ನಮ್ಮನೆಯವಳಿಗೆ 800 ಅಂತ ಸುಳ್ಳು ಬೇರೆ ಹೇಳ್ದೆ. ಒಂದು ವಾರ ಆದ್ಮೇಲೆ ಲೆನ್ಸಲ್ಲಿ ನೋಡ್ತೀನಿ, ಊರಿನ ಹೆಸರಿನ ಮುಂದೆ ಆರು ಅಂಕಿ ಪಿನ್ ಕೋಡ್ ಕೂತಿದೆ! ಪಿನ್ ಬಂದಿದ್ದೇ 1972ರಲ್ಲಿ. ನೋಟು ಚೆಕ್ ಮಾಡೋ ನೀಲಿ ಟಾರ್ಚ್ 200 ರೂಪಾಯಿಗೋ ಏನೋ ತಂದು ಬಿಟ್ರೆ ಕಾಗದ ಫಳಫಳ ಹೊಳೀತು. ಹಳೇ ಕಾಗದ ಹಂಗೆ ಹೊಳೆಯಲ್ಲ, ಬಿಳುಪಿನ ಕೆಮಿಕಲ್ ಆಮೇಲೆ ಬಂದಿದ್ದು. ಪೂರ್ತಿ ಲಾಟ್ ಈಗ ಮಗನ ಸ್ಕೂಲ್ ಪ್ರಾಜೆಕ್ಟಿಗೆ ಹೋಗಿದೆ. ಅವತ್ತಿಂದ ಕೊಳ್ಳೋಕೆ ಮುಂಚೆ ಅಕ್ಷರ ಓದ್ತೀನಿ, ಚಿತ್ರ ಆಮೇಲೆ. ಬೆಲೆ ನಯೇ ಪೈಸೆ ಅಂತಿದ್ರೆ 1957ರಿಂದ 64ರ ಆಸುಪಾಸು, ಅಡ್ರೆಸ್ಸಲ್ಲಿ ಮೈಸೂರು ರಾಜ್ಯ ಅಂತಿದ್ರೆ 1973ಕ್ಕೂ ಮುಂಚಿಂದು, ಇಷ್ಟು ಸಾಕು ವ್ಯಾಪಾರಿ ಬಾಯಿ ಮುಚ್ಸೋಕೆ.

ಆಮೇಲೆ ಬುದ್ಧಿ ಬಂದು ನಮ್ಮ ಕೆಜಿಎಫ್ ಕಡೆ ತಿರುಗ್ದೆ. ತಮಿಳುನಾಡಿನ ಗುಡಿಯಾತ್ತಂ ಊರು ಅಲ್ಲೇ ಗಡಿ ದಾಟಿದ್ರೆ ಸಿಗುತ್ತೆ, ಅಲ್ಲಿ ಬೆಂಕಿಪೊಟ್ಟಣದ ಕೆಲಸ ಮೊದಲಿಂದಾನೂ ಇದೆ, ಮಾಲು ಇಲ್ಲಿಗೆ ಬರ್ದೆ ಇನ್ನೆಲ್ಲಿಗೆ ಹೋಗುತ್ತೆ ಅನ್ನೋದು ನನ್ನ ಲೆಕ್ಕ. ಗಣಿ 2001ರಲ್ಲಿ ಮುಚ್ಚಿದ್ಮೇಲೆ ಎಷ್ಟೋ ಅಂಗಡಿನೂ ಬಾಗಿಲು ಹಾಕಿದಾವೆ, ಆದ್ರೆ ಅಟ್ಟ ಖಾಲಿ ಮಾಡಿರಲ್ಲ. ಗುಜರಿಯವ್ರ ಹತ್ರ ಹೋಗ್ಬೇಡಿ, ಅವ್ರಿಗೆ ಆಗ್ಲೇ ರೇಟ್ ಗೊತ್ತಾಗಿದೆ. ಅಲ್ಲೇ ರಾಬರ್ಟ್‌ಸನ್‌ಪೇಟೆ ಹತ್ರ ಒಬ್ಬ ಪಾಟಿ (ತಮಿಳಲ್ಲಿ ಅಜ್ಜಿ), ಗಂಡನ ಕಾಲದ ಪ್ರಾವಿಷನ್ ಸ್ಟೋರು, ಅಟ್ಟದಲ್ಲಿ ಬಿಸ್ಕತ್ ಡಬ್ಬದೊಳಗೆ 17 ಪೊಟ್ಟಣ. ಅರ್ಧಕ್ಕೆ ಗೆದ್ದಲು ಹತ್ತಿತ್ತು. ದುಡ್ಡು ಕೊಡೋಕೆ ಹೋದ್ರೆ ತಗೊಳ್ಲಿಲ್ಲ, "ಪೊಟ್ಣ ತಗೊಂಡ್ರೆ ಪೊಟ್ಣನೇ ಕೊಡು ತಂಬಿ" ಅಂದ್ರು, 2021ರಲ್ಲಿ ಪೊಟ್ಟಣದ ಬೆಲೆ ಒಂದು ರೂಪಾಯಿ ಇದ್ದಿದ್ನ ಎರಡು ಮಾಡಿದ್ದಕ್ಕೆ ಅವ್ರಿಗೆ ಇನ್ನೂ ಸಿಟ್ಟು. ನಾಲ್ಕು ಬಂಡಲ್ ಕೊಟ್ಟು ಬಂದೆ. ಅಂಗಡಿ ಯಾವ ಬೀದಿ ಅಂತ ಕೇಳ್ಬೇಡಿ, ಹೇಳಲ್ಲ, ಇನ್ನೂ ಎರಡು ಡಬ್ಬ ಇಳಿಸೋದಿದೆ.

ಈಗ ಬಿಡಿಸೋ ವಿಷಯ. ಪೊಟ್ಟಣ ಚೆನ್ನಾಗಿದ್ರೆ ಕೈ ಹಚ್ಲೇಬೇಡಿ, ಹಂಗೇ ಇಡಿ. ಗೆದ್ದಲು ತಿಂದಿದ್ದಕ್ಕೆ ಮಾತ್ರ ಇದು. ಪಾಟಿ ಕೊಟ್ಟಿದ್ರಲ್ಲಿ ಎಲ್ಲರೂ ಹೇಳೋ ತರ ಬೆಚ್ಚಗಿನ ನೀರಲ್ಲಿ ಮೊದಲು ನೆನೆಸಿದ್ದು ನರಿ-ದ್ರಾಕ್ಷಿ, ಐದೇ ನಿಮಿಷ, ಕೆಂಪು ಕರಗಿ ತಟ್ಟೆಲಿ ಓಕುಳಿ ಆಯ್ತು, ದ್ರಾಕ್ಷಿ ಪೂರ್ತಿ ಮಾಯ, ನರಿ ಬರೀ ಗೋಡೆ ನೋಡ್ಕೊಂಡು ನಿಂತಿದೆ. ಹುಳಿ ಅನ್ನೋಕೂ ದ್ರಾಕ್ಷಿ ಇಲ್ಲ ಪಾಪ. ಆಮೇಲೆ ಕುಕ್ಕರ್ ಹಬೆ ಹಿಡಿದೆ, ಕಾಗದ ಎರಡು ಪದರ ಆಗಿ ಸುರುಳಿ ಸುತ್ಕೊಂತು. ಫ್ರೀಜರಲ್ಲಿ ಇಟ್ರೆ ಬಿಡುತ್ತೆ ಅಂದ್ರು ಯಾರೋ, ಒಂದು ಬಿಡ್ತು, ಇನ್ನೊಂದು ಹಪ್ಪಳದ ತರ ಪಟ್ ಅಂತು. ಒಟ್ಟು ಆರೇಳು ಹಾಳು ಮಾಡಿದೀನಿ, ಇವತ್ತಿನ ರೇಟಲ್ಲಿ ಎರಡು ಸಾವಿರಕ್ಕೆ ಮೋಸ ಇಲ್ಲ.

ದಾರಿ ತೋರ್ಸಿದ್ದು ಹುರುಳಿಕಾಳು. ಮೊಳಕೆ ಬರ್ಲಿ ಅಂತ ಒದ್ದೆ ಬಟ್ಟೇಲಿ ಕಟ್ಟಿಟ್ಟಿದ್ರು ಮನೇಲಿ, ಆ ಪಾತ್ರೆಯೊಳಗೆ ಗಂಟಿನ ಮೇಲೆ ಒಂದು ಪೊಟ್ಟಣ ಹೆಂಗೋ ಸೇರ್ಕೊಂಡಿದೆ, ಮಗ ನಾನಲ್ಲ ಅಂತಾನೆ. ಬೆಳಗ್ಗೆ ನೋಡ್ತೀನಿ, ಲೇಬಲ್ ತಾನಾಗೇ ಒಂದು ಮೂಲೆ ಎದ್ದಿದೆ, ಬಣ್ಣ ಹಂಗೇ ಇದೆ. ಹಳೇ ಮರದ ಪೊಟ್ಟಣಕ್ಕೆ ಹಾಕ್ತಿದ್ದಿದ್ದು ಗಂಜಿ ತರದ ಅಂಟು, ಅದಕ್ಕೆ ನೀರು ಬೇಡ, ತೇವ ಸಾಕು.

ಈಗ ಮಾಡೋದು ಇಷ್ಟು. ಕಡ್ಡಿ ಎಲ್ಲಾ ತೆಗೆದು ಇಡ್ಲಿ ಪಾತ್ರೆ ತಳದಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆ, ಮೇಲೆ ಇಡ್ಲಿ ತಟ್ಟೆ, ಅದರ ಮೇಲೆ ಲೇಬಲ್ ಮೇಲ್ಮುಖ ಮಾಡಿ ಪೊಟ್ಟಣ, ಮುಚ್ಚಳ. ಒಲೆ ಹಚ್ಬೇಡಿ ಮಾರಾಯ್ರೇ, ಒಬ್ರು ಹಚ್ಬಿಟ್ಟು ಫೋನ್ ಮಾಡಿದ್ರು. ಉಜ್ಜೋ ಪಟ್ಟಿ ಬಟ್ಟೆಗೆ ತಾಗಿದ್ರೆ ಕಂದು ಕಲೆ ಬರುತ್ತೆ, ಹುಷಾರು. ಬೇಸಿಗೇಲಿ 8-10 ಗಂಟೆ, ಮಳೆಗಾಲದಲ್ಲಿ ಆರೇ ಸಾಕು, ಎರಡು ದಿನ ಮರೆತ್ರೆ ಬೂಷ್ಟು ಗ್ಯಾರಂಟಿ. ಬೂಷ್ಟು ಬರ್ದೆ ಇರೋಕೆ ಬಟ್ಟೆ ನೀರಿಗೆ ನಾನು ಒಂದು ಚಿಟಿಕೆ ಏನೋ ಹಾಕ್ತೀನಿ, ಅದು ಇಲ್ಲಿ ಬರೆಯಲ್ಲ, ಮನೆಗೆ ಬಂದ್ರೆ ಟೀ ಜೊತೆ ಹೇಳ್ತೀನಿ. ಎದ್ದ ಮೂಲೆಗೆ ತೆಂಗಿನ ಪೊರಕೆ ಕಡ್ಡಿ ಸೀಳಿ ತೆಳ್ಳಗೆ ಮಾಡಿ ತೂರ್ಸಿ, ಬ್ಲೇಡ್ ಬೇಡ. ಆಮೇಲೆ ಬ್ಲಾಟಿಂಗ್ ಪೇಪರ್ ಮಧ್ಯೆ ಇಟ್ಟು ಮೇಲೆ ಗ್ರಾನೈಟ್ ತುಂಡು, ಅದಕ್ಕೇನು ನಮ್ಮ ಜಿಲ್ಲೇಲಿ ಬರ ಇಲ್ಲ, ಮೂರು ದಿನ.

ರಟ್ಟಿನ ಪೊಟ್ಟಣ ಆದ್ರೆ ಇದು ನಡೆಯಲ್ಲ, ಅದ್ರಲ್ಲಿ ಚಿತ್ರ ರಟ್ಟಿನ ಮೇಲೇ ಪ್ರಿಂಟ್ ಆಗಿರುತ್ತೆ. ಸಿಲ್ವರ್‌ಫಿಶ್‌ಗೆ ಬಜೆ ಬೇರು ಇಟ್ಟು ನೋಡ್ದೆ, ಹುಳ ಏನೋ ಹೋಯ್ತು, ಬೇರು ತಾಗಿದ್ದ ಕಡೆ ಕಾಗದ ಹಳದಿ ಆಯ್ತು, ಈಗ ಬಟ್ಟೇಲಿ ಸುತ್ತಿ ದೂರ ಇಡ್ತೀನಿ.

ಯಾರಾದ್ರೂ ಲೇಬಲ್ ಅದಲು ಬದಲು ಮಾಡ್ಕೋತೀರಾ ಅಂದ್ರೆ, ನನ್ನ ಹತ್ರ ಹಂಸ-ಆಮೆ ಎರಡಿದೆ, ಒಂದ್ರಲ್ಲಿ ಹಂಸಗಳು ಬಾತುಕೋಳಿ ತರ ಇದಾವೆ, ಅದನ್ನೇ ಕೊಡೋದು. ಬದಲಿಗೆ ಕಾಗೆ-ಹೂಜಿ ಬೇಕು, ಹರಿದಿದ್ರೂ ಪರ್ವಾಗಿಲ್ಲ. ಕಡ್ಡಿ ಇರೋ ಪೊಟ್ಟಣ ಮಾತ್ರ ಪೋಸ್ಟಲ್ಲಿ ಕಳಿಸ್ಬೇಡಿ, ತಗೊಳಲ್ಲ ಅವ್ರು.