ಹತ್ತಿ ಮಿಲ್ಲಿನ 12 ಫೋನುಗಳು: ಬ್ಯಾಟರಿ ಉಬ್ಬುವುದನ್ನು ನಾನು ನಿಲ್ಲಿಸಿದ ಬಗೆ

ಕಳೆದ ಮೇ ತಿಂಗಳ ಮೊದಲ ವಾರ, ರಾಯಚೂರಿನಲ್ಲಿ ಬಿಸಿಲು 42 ಡಿಗ್ರಿ ದಾಟಿದ್ದ ದಿನಗಳಲ್ಲಿ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲೊಂದರ 12 ಫೋನುಗಳನ್ನು ನನ್ನ ಅಂಗಡಿಗೆ ತಂದು ಒಂದೊಂದಾಗಿ ಬಿಚ್ಚಿದೆ. ಹಿಂಬದಿಯ ಕವಚ ತೆಗೆದು ಬ್ಯಾಟರಿಯ ಮೇಲೆ ಸ್ಟೀಲ್ ಸ್ಕೇಲನ್ನು ಅಡ್ಡಲಾಗಿ ಇಟ್ಟರೆ, ಹನ್ನೆರಡರಲ್ಲಿಯೂ ಸ್ಕೇಲು ಅಲುಗಾಡದೆ ಕೂತಿತು. ಚಾರ್ಜ್ ಮಾಡುವ ಪದ್ಧತಿಯನ್ನು ಬದಲಿಸಿ ಹದಿನಾಲ್ಕು ತಿಂಗಳಾಗಿದ್ದರೂ ಒಂದು ಬ್ಯಾಟರಿಯೂ ಉಬ್ಬಿರಲಿಲ್ಲ. ಅದಕ್ಕೂ ಹಿಂದಿನ ಒಂದೂವರೆ ವರ್ಷದಲ್ಲಿ ಇದೇ ಮಿಲ್ಲಿಗೆ ನಾನೇ 19 ಬ್ಯಾಟರಿ ಬದಲಿಸಿಕೊಟ್ಟಿದ್ದೆ. ಈ ಕೆಲಸ ಶುರು ಮಾಡಿದಾಗ ಊರಿನ ಬಹುತೇಕ ಮೊಬೈಲ್ ಅಂಗಡಿಯವರು ಇದು ಆಗದ ಮಾತು ಎಂದಿದ್ದರು. ಆದ್ದರಿಂದಲೇ ನಡೆದುದನ್ನು ನಡೆದಂತೆ ಬರೆದಿಡುತ್ತಿದ್ದೇನೆ.

ಆ ಮಿಲ್ಲಿನಲ್ಲಿ ಫೋನುಗಳು ಜೇಬಿನಲ್ಲಿ ಓಡಾಡುವುದಿಲ್ಲ. ಗೇಟು, ಗಾಡಿ ತೂಗುವ ವೇಬ್ರಿಜ್, ಗೋದಾಮು, ಕ್ಯಾಷ್ ಕೌಂಟರ್ ಹೀಗೆ ಒಂದೊಂದು ಜಾಗದಲ್ಲಿ ಒಂದೊಂದು ಫೋನು ಇರುತ್ತದೆ, ಮತ್ತು ಅದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಚಾರ್ಜರಿಗೆ ಸಿಕ್ಕಿಸಿಕೊಂಡೇ ಇರುತ್ತದೆ. ಮೇಲೆ ತಗಡಿನ ಚಾವಣಿ. ಒಂದು ಸಂಜೆ ವೇಬ್ರಿಜ್ ಫೋನಿನ ಡಿಸ್‌ಪ್ಲೇ ಫ್ರೇಮಿನಿಂದ ಎದ್ದು ನಿಂತಿದೆ ಎಂದು ಕರೆ ಬಂತು. ಹೋಗಿ ನೋಡಿದರೆ ಬ್ಯಾಟರಿ ಪೂರಿಯಂತೆ ಉಬ್ಬಿತ್ತು, ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬಿಡಿ ಹತ್ತಿಯ ರಾಶಿಯಿತ್ತು. ಮಿಲ್ಲಿನ ಸಾಹುಕಾರರು ಹೇಳಿದ್ದು ಇಷ್ಟೇ: "ಬ್ಯಾಟರಿ ರೊಕ್ಕದ ಚಿಂತಿ ನನಗಿಲ್ಲ. ಇಲ್ಲಿ ಹತ್ತಿ ಅದ, ಅದಕ್ಕ ಏನರ ಮಾಡ್ರಿ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬ್ಯಾಟರಿ ಬದಲಿಸಿ ಹಣ ಎಣಿಸಿಕೊಂಡು ಬರುತ್ತಿದ್ದ ನಾನು, ಅದು ಯಾಕೆ ಹೀಗಾಗುತ್ತಿದೆ ಎಂದು ಒಮ್ಮೆಯೂ ಕೂತು ಯೋಚಿಸಿರಲಿಲ್ಲ.

ಬಲ್ಲವರಿಗೆ ಪಾಠ ಹೇಳುವುದು ನನ್ನ ಉದ್ದೇಶವಲ್ಲವಾದರೂ ಒಂದು ಮಾತನ್ನು ಹೇಳಲೇಬೇಕು. ನಾವೆಲ್ಲ ಬ್ಯಾಟರಿಯ ಆಯಸ್ಸನ್ನು ಸೈಕಲ್ ಲೆಕ್ಕದಲ್ಲಿ, ಅಂದರೆ ಒಟ್ಟು ನೂರು ಪ್ರತಿಶತ ಚಾರ್ಜು ಬಳಕೆಯಾದರೆ ಒಂದು ಸೈಕಲ್ ಎಂಬಂತೆ ಮಾತ್ರ ಅಳೆಯುತ್ತೇವೆ, ಆದರೆ ಸುಮ್ಮನೆ ಇಟ್ಟ ಬ್ಯಾಟರಿಯೂ ಸವೆಯುತ್ತದೆ. ಬ್ಯಾಟರಿಯೊಳಗಿನ ಋಣ ತುದಿಯಾದ ಗ್ರಾಫೈಟ್ ಬದಿಯಲ್ಲಿ ಮೊದಲ ಚಾರ್ಜಿನಲ್ಲಿಯೇ ಕಟ್ಟಿಕೊಳ್ಳುವ ತೆಳು ಪದರ ದಿನೇ ದಿನೇ ದಪ್ಪವಾಗುತ್ತ ಹೋಗಿ, ಓಡಾಡಬೇಕಾದ ಲಿಥಿಯಮ್ಮನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಬದಿಯಲ್ಲಿ ವೋಲ್ಟೇಜು ಏರಿದಷ್ಟೂ ಒಳಗಿನ ದ್ರಾವಣ ಒಡೆದು ಗ್ಯಾಸ್ ಆಗುತ್ತದೆ, ನಾವು ಕಾಣುವ ಉಬ್ಬು ಅದೇ. ಈ ಎರಡಕ್ಕೂ ವೇಗ ಕೊಡುವುದು ಬಿಸಿ ಮತ್ತು ತುಂಬಿದ ಚಾರ್ಜು. ಬ್ಯಾಟರಿಯನ್ನು 25 ಡಿಗ್ರಿಯಲ್ಲಿ ಪೂರ್ತಿ ತುಂಬಿ ವರ್ಷವಿಟ್ಟರೆ ಸುಮಾರು 20 ಪ್ರತಿಶತ ಸಾಮರ್ಥ್ಯ ಹೋಗುತ್ತದೆ, ಆದರೆ 40 ಪ್ರತಿಶತ ಚಾರ್ಜಿನಲ್ಲಿ ಇಟ್ಟರೆ ಹೋಗುವುದು ನಾಲ್ಕೇ ನಾಲ್ಕು ಎಂಬ ಲೆಕ್ಕವನ್ನು ಓದಿದಾಗ ನನಗೆ ಮಿಲ್ಲಿನ ತಗಡು ಕಣ್ಣ ಮುಂದೆ ಬಂತು. ಅಲ್ಲಿನ ಫೋನುಗಳು ದಿನವಿಡೀ ನೂರಕ್ಕೆ ನೂರು ತುಂಬಿಕೊಂಡು, 4.4 ವೋಲ್ಟಿನ ಆಸುಪಾಸಿನಲ್ಲಿ ನಿಂತು, ನಲವತ್ತು ಡಿಗ್ರಿಗೂ ಮೇಲಿನ ಕಾವಿನಲ್ಲಿ ಬೇಯುತ್ತಿದ್ದವು.

ಹಾಗಾಗಿ ನಾನು ಮಾಡಿದ್ದು ಇಷ್ಟು: ಚಾರ್ಜರನ್ನು ಫೋನಿಗೆ ಸಿಕ್ಕಿಸಿಯೇ ಬಿಟ್ಟು, ಕರೆಂಟು ಮಾತ್ರ ದಿನಕ್ಕೆ ಎರಡು ಬಾರಿ ಟೈಮರ್ ಮೂಲಕ ಬರುವಂತೆ ಮಾಡಿದೆ. ಬೆಳಗಿನ ಜಾವ ತಂಪಿದ್ದಾಗ 50 ನಿಮಿಷ, ರಾತ್ರಿ ಒಂಬತ್ತರ ಮೇಲೆ 25 ನಿಮಿಷ. ಫಾಸ್ಟ್ ಚಾರ್ಜರ್‌ಗಳನ್ನೆಲ್ಲ ತೆಗೆದು ಹಳೆಯ 10 ವ್ಯಾಟಿನವನ್ನು ಹಾಕಿದೆ. ಫೋನಿನ ಚಾರ್ಜು 75 ಪ್ರತಿಶತದ ಮೇಲೆ ಏರಬಾರದು, 25ರ ಕೆಳಗೆ ಇಳಿಯಬಾರದು ಎಂಬುದು ಗುರಿ. ಮೂರು ಫೋನುಗಳಲ್ಲಿ ಮಾತ್ರ 80ಕ್ಕೆ ಚಾರ್ಜು ನಿಲ್ಲಿಸುವ ಸೆಟ್ಟಿಂಗ್ ಇತ್ತು, ಅದನ್ನೂ ಆನ್ ಮಾಡಿದೆ.

ಇದನ್ನು ಕೇಳಿದ ಹಿರಿಯ ಮೆಕ್ಯಾನಿಕ್ ಒಬ್ಬರು, ಅವರ ಬಳಿಯೇ ನಾನು ಸೋಲ್ಡರಿಂಗ್ ಕಲಿತದ್ದು, ತಲೆ ಅಲ್ಲಾಡಿಸಿದರು. "ತಮ್ಮಾ, ಬ್ಯಾಟರಿ ಅಂದ್ರ ಪೂರಾ ತುಂಬಬೇಕು, ಪೂರಾ ಇಳೀಬೇಕು. ಅಂದ್ರನ ಬಾಳಿಕಿ ಬರ್ತದ." ಅದು ನಿಕಲ್ ಕ್ಯಾಡ್ಮಿಯಮ್ ಬ್ಯಾಟರಿಗಳ ಕಾಲದ ಮಾತು, ಆ ಕಾಲಕ್ಕೆ ಸರಿಯಾದ ಮಾತೇ ಆಗಿತ್ತು. ಇನ್ನೊಬ್ಬರು ದಿನಕ್ಕೆ ಎರಡು ಸಲ ಚಾರ್ಜಾದರೆ ಎರಡು ಸೈಕಲ್ ಖರ್ಚಾಗುತ್ತದಲ್ಲ ಎಂದರು. ಇಪ್ಪತ್ತೈದು ಪ್ರತಿಶತ, ಇಪ್ಪತ್ತೈದು ಪ್ರತಿಶತ ಸೇರಿದರೆ ಅರ್ಧ ಸೈಕಲ್ ಆಗುತ್ತದೆಯೇ ಹೊರತು ಎರಡಲ್ಲ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಮೊದಲ ತಿಂಗಳು ಅವರ ಮಾತೇ ಗೆದ್ದಂತೆ ಕಂಡಿತು. ಸುತ್ತಲೂ ಹಲ್ಲುಗಳಿರುವ, ತಿರುಗುವ ಮೆಕ್ಯಾನಿಕಲ್ ಟೈಮರ್‌ಗಳನ್ನು ಒಂದಕ್ಕೆ ಸುಮಾರು 420 ರೂಪಾಯಿಯಂತೆ ಹನ್ನೆರಡು ತಂದಿದ್ದೆ, ಹಣ ನನ್ನದೇ. ಅವು ಓಡುವುದು ಕರೆಂಟಿನಿಂದ, ಕರೆಂಟು ಹೋದಾಗ ಅವೂ ನಿಲ್ಲುತ್ತವೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದಿನಕ್ಕೆ ಗಂಟೆ, ಒಂದೂವರೆ ಗಂಟೆ ಕರೆಂಟು ಹೋಗುತ್ತಿದ್ದ ಆ ವಾರದಲ್ಲಿ ಬೆಳಗಿನ ಜಾವದ ಚಾರ್ಜು ಸರಿಯುತ್ತ ಸರಿಯುತ್ತ ನಡುಮಧ್ಯಾಹ್ನಕ್ಕೆ ಬಂದು ನಿಂತಿತು. ಯಾವ ಹೊತ್ತಿನಲ್ಲಿ ಚಾರ್ಜ್ ಆಗಬಾರದೋ ಅದೇ ಹೊತ್ತಿನಲ್ಲಿ ಆಗುತ್ತಿತ್ತು. ಕ್ಯಾಷ್ ಕೌಂಟರಿನ ಫೋನು ಬೆಳಿಗ್ಗೆ ಹನ್ನೊಂದಕ್ಕೆ ಆಫ್ ಆಗಿ, ರೈತರು ಸಾಲಿನಲ್ಲಿ ನಿಂತದ್ದನ್ನು ನೋಡಿ ಸಾಹುಕಾರರ ಮುಂದೆ ತಲೆ ತಗ್ಗಿಸಿದೆ. ಸುಮಾರು 5,000 ರೂಪಾಯಿ ಹೀಗೆ ಹೋಯಿತು. ಆಮೇಲೆ ಒಳಗೆ ಚಿಕ್ಕ ಬ್ಯಾಟರಿಯಿದ್ದು ಕರೆಂಟು ಹೋದರೂ ಸಮಯ ಮರೆಯದ ಡಿಜಿಟಲ್ ಟೈಮರ್‌ಗಳನ್ನು 800-850ರಂತೆ ತರಿಸಿದೆ. ಈ ಬಾರಿ ಖರ್ಚನ್ನು ಮಿಲ್ಲಿನವರೇ ಕೊಟ್ಟರು.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಎಲ್ಲ ಫೋನಿಗೂ ಒಂದೇ ಸಮಯ ಕೊಟ್ಟರೆ, ಹೆಚ್ಚು ಬಳಕೆಯ ವೇಬ್ರಿಜ್ ಫೋನು ದಿನಕ್ಕಿಷ್ಟು ಇಳಿಯುತ್ತ ಹೋಗುತ್ತದೆ, ಗೋದಾಮಿನ ಫೋನು ದಿನಕ್ಕೆ ನಾಲ್ಕೈದು ಪ್ರತಿಶತ ಏರುತ್ತ ಹತ್ತೇ ದಿನದಲ್ಲಿ ನೂರು ಮುಟ್ಟುತ್ತದೆ. ಪ್ರತಿಯೊಂದಕ್ಕೂ ಬೇರೆ ನಿಮಿಷಗಳನ್ನು ಗೊತ್ತುಮಾಡಲು ನನಗೆ ಎರಡು ತಿಂಗಳು ಹಿಡಿಯಿತು. ಬಳಕೆ, ಒಳರೋಧ (ಬ್ಯಾಟರಿಯೊಳಗೆ ಕರೆಂಟಿಗೆ ಬೀಳುವ ತಡೆ), ಆ ವಾರದ ಉಷ್ಣಾಂಶ ಇವುಗಳಿಂದ ನಿಮಿಷ ತೆಗೆಯುವ ಒಂದು ಲೆಕ್ಕವನ್ನು ನಾನು ಮಾಡಿಕೊಂಡಿದ್ದೇನೆ. ಅದು ನನ್ನ ಹೊಟ್ಟೆಪಾಡಿನ ಗುಟ್ಟಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಆದರೆ ವಾರಕ್ಕೊಮ್ಮೆ ಬೆಳಿಗ್ಗೆ ಒಂದೇ ಹೊತ್ತಿಗೆ ಎಲ್ಲ ಫೋನುಗಳ ಪ್ರತಿಶತವನ್ನು ಬರೆದುಕೊಂಡರೆ, ಕೈಪಳಗಿದವರಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಬಿಸಿಯ ವಿಷಯದಲ್ಲಿ ನಾನು ಹೆಚ್ಚು ಕಲಿತೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಮಧ್ಯಾಹ್ನ ಎರಡಕ್ಕೆ ಸುತ್ತಿದಾಗ, ಪಶ್ಚಿಮದ ಕಿಟಕಿಯ ಬಳಿ ರಬ್ಬರ್ ಕವರ್ ಹಾಕಿ ಚಾರ್ಜಿಗಿಟ್ಟಿದ್ದ ಫೋನಿನ ಬೆನ್ನು 47 ಡಿಗ್ರಿ ತೋರಿಸಿತು. ಕವರ್ ತೆಗೆದು, ಚಾರ್ಜು ನಿಲ್ಲಿಸಿ, ಉತ್ತರದ ಗೋಡೆಗೆ ಶಹಾಬಾದ್ ಕಲ್ಲಿನ ಹಲಗೆ ಹೊಡೆಸಿ ಅದರ ಮೇಲೆ ಇಟ್ಟ ಮೇಲೆ ಅದೇ ಫೋನು 39ಕ್ಕೆ ಇಳಿಯಿತು. ಆ ಕಲ್ಲಿನ ಹಲಗೆಗಳಿಗೆ ಆದ ಖರ್ಚು ಒಟ್ಟು 1,500ರ ಒಳಗೆ. ನಾನು ಮಾಡಿದ ಕೆಲಸಗಳಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ಧೈರ್ಯವಾಗಿ ಹೇಳುತ್ತೇನೆ.

ಈ ನಡುವೆ ಅಂಗಡಿಯಲ್ಲಿ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸಾಮರ್ಥ್ಯ ಕಳೆದುಕೊಂಡ ನಾಲ್ಕು ಬ್ಯಾಟರಿಗಳನ್ನು, ಸತ್ತ ಬ್ಯಾಟರಿಗೆ ಕರೆಂಟು ಕೊಟ್ಟು ಎಬ್ಬಿಸುವ ಬೂಸ್ಟರ್ ಯಂತ್ರಕ್ಕೆ ಹಾಕಿ ಮೂರು ದಿನ ಏರಿಸಿ ಇಳಿಸಿದೆ. ವೋಲ್ಟೇಜು ಚೆನ್ನಾಗಿಯೇ ಕಂಡಿತು, ಆದರೆ ಲೋಡ್ ಹಾಕಿ, ಅಂದರೆ ಕರೆಂಟು ಎಳೆದು ಖಾಲಿ ಮಾಡಿ ಅಳೆದಾಗ, ಒಂದು ಮಿಲಿಆಂಪ್ ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಕೂಡ ಮರಳಿ ಬಂದಿರಲಿಲ್ಲ. ಒಂದು ಬ್ಯಾಟರಿಯನ್ನು ಫ್ರಿಜ್ಜಿನಲ್ಲಿಟ್ಟು ತೆಗೆದಾಗ ಕನೆಕ್ಟರಿನ ಮೇಲೆ ನೀರು ಮಣಿಗಟ್ಟಿತು, ಆ ಪ್ರಯೋಗವನ್ನು ಅಲ್ಲಿಗೇ ಬಿಟ್ಟೆ. ಅಗ್ಗಕ್ಕೆ ಸಿಕ್ಕಿತೆಂದು 380 ರೂಪಾಯಿಯಂತೆ 20 ಬ್ಯಾಟರಿ ತಂದು ಕೈಸುಟ್ಟುಕೊಂಡದ್ದೂ ಆಗಲೇ. ಲೇಬಲ್ ಮೇಲೆ 5,000 ಎಂದಿದ್ದವು ಲೋಡಿನಲ್ಲಿ 3,300ರ ಮೇಲೆ ಹೋಗಲಿಲ್ಲ. ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ ಗ್ಯಾಸ್ ತೆಗೆದು ಮತ್ತೆ ಕೂರಿಸುವವರನ್ನು ನಾನು ನೋಡಿದ್ದೇನೆ. ಗ್ರಾಹಕರ ಮನೆಗೆ ಬೆಂಕಿಯನ್ನು ಕಟ್ಟಿಕೊಟ್ಟು ಕಳಿಸುವ ಕೆಲಸ ಅದು, ದಯವಿಟ್ಟು ಯಾರೂ ಮಾಡಬೇಡಿ.

ಹಂಗಾಮು ಮುಗಿದ ಮೇಲೆ ಐದು ಫೋನುಗಳಿಗೆ ಕೆಲಸವಿರುವುದಿಲ್ಲ. ಹಿಂದೆ ಅವುಗಳನ್ನು ಪೂರ್ತಿ ಚಾರ್ಜ್ ಮಾಡಿ ಆಫೀಸಿನ ಕಬ್ಬಿಣದ ಅಲ್ಮೇರಾದಲ್ಲಿ ಇಡುತ್ತಿದ್ದರು, ದಸರಾಕ್ಕೆ ತೆಗೆದಾಗ ಎರಡಾದರೂ ಉಬ್ಬಿರುತ್ತಿದ್ದವು. ಈಗ 50ಕ್ಕೆ ತಂದು, ಸ್ವಿಚ್ ಆಫ್ ಮಾಡಿ, ನನ್ನ ಅಂಗಡಿಯ ನೆಲದ ಮೇಲಿನ ಖಾನೆಯಲ್ಲಿಡುತ್ತೇನೆ, ಎರಡು ತಿಂಗಳಿಗೊಮ್ಮೆ ನೋಡಿ ಇಳಿದಿದ್ದರೆ ಮತ್ತೆ 50ಕ್ಕೆ ತರುತ್ತೇನೆ.

ಹದಿನಾಲ್ಕು ತಿಂಗಳ ನಂತರ ಅಳೆದದ್ದು ಹೀಗಿದೆ. ಹೊಸತಿದ್ದಾಗ ಈ ಬ್ಯಾಟರಿಗಳು ನನ್ನ ಲೋಡಿನಲ್ಲಿ 4,850ರಿಂದ 4,900 ಮಿಲಿಆಂಪ್ ಅವರ್ ಕೊಟ್ಟಿದ್ದವು. ಹಳೆಯ ಪದ್ಧತಿಯಲ್ಲಿ ಇಷ್ಟೇ ದಿನ ಕಳೆದವು 3,300-3,500ಕ್ಕೆ ಬಂದು ನಿಲ್ಲುತ್ತಿದ್ದವು. ಈಗ ಹನ್ನೊಂದು ಬ್ಯಾಟರಿಗಳು 4,350 ಮತ್ತು 4,550ರ ನಡುವೆ ಇವೆ. ಒಂದು ಅಗ್ಗದ ಯಂತ್ರದಲ್ಲಿ ಅಳೆದದ್ದರಿಂದ ಐವತ್ತು, ನೂರು ಹೆಚ್ಚುಕಡಿಮೆ ಇರಬಹುದು, ಆದರೆ ಎರಡೂ ಕಾಲದ ಬ್ಯಾಟರಿಗಳನ್ನು ಅಳೆದದ್ದು ಅದೇ ಯಂತ್ರ. ಮಿಲ್ಲಿನವರಿಗೆ ಒಂದೂವರೆ ವರ್ಷಕ್ಕೆ 21,000 ರೂಪಾಯಿಯಷ್ಟು ಬೀಳುತ್ತಿದ್ದ ಬ್ಯಾಟರಿ ಖರ್ಚು ನಿಂತಿದೆ. ಬದಲಿಗೆ ನನಗೆ ತಿಂಗಳಿಗೆ 900 ಕೊಡುತ್ತಾರೆ. ಅಂಗಡಿಯ ಆದಾಯ ಮೊದಲಿಗಿಂತ ಸ್ವಲ್ಪ ಕಡಿಮೆಯೇ ಆಗಿದೆ, ಆದರೆ ಇದನ್ನು ನೋಡಿ ಇನ್ನೆರಡು ಮಿಲ್ಲಿನವರು ಕರೆದಿದ್ದಾರೆ. ಸೋಲ್ಡರಿಂಗ್ ಕಲಿಸಿದ ಆ ಹಿರಿಯರೂ ಕಳೆದ ವಾರ ಬಂದು, ಸ್ಕೇಲನ್ನು ತಾವೇ ಇಟ್ಟು ನೋಡಿ, ತಮ್ಮ ಅಂಗಡಿಯ ಕ್ಯೂಆರ್ ಫೋನಿಗೆ ಒಂದು ಟೈಮರ್ ಒಯ್ದರು.

ಹನ್ನೆರಡನೆಯದು ಗೇಟಿನ ಫೋನು. ಅದು ಉಬ್ಬಿಲ್ಲ, ಆದರೆ 3,900ಕ್ಕೆ ಇಳಿದಿದೆ. ವಿಚಾರಿಸಿದಾಗ, ರಾತ್ರಿ ಪಾಳಿಯ ಕಾವಲುಗಾರರು ಹೊತ್ತು ಕಳೆಯಲು ಅದರಲ್ಲಿ ವಿಡಿಯೋ ನೋಡುತ್ತಿದ್ದರೆಂದೂ, ಚಾರ್ಜು ಇಳಿದಾಗ ತಮ್ಮ ಸ್ವಂತ ಫಾಸ್ಟ್ ಚಾರ್ಜರನ್ನು ಬೆಳಗಿನವರೆಗೆ ಸಿಕ್ಕಿಸಿಡುತ್ತಿದ್ದರೆಂದೂ ತಿಳಿಯಿತು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ, ಹನ್ನೆರಡು ಗಂಟೆ ಒಬ್ಬರೇ ಕೂರುವ ಕೆಲಸ ಅದು. ಆ ಫೋನಿಗೆ ರಾತ್ರಿಯ ನಿಮಿಷಗಳನ್ನು 25ರಿಂದ 60ಕ್ಕೆ ಏರಿಸಿ, ಬೆಳಗಿನದನ್ನು ಇಳಿಸಿದ್ದೇನೆ. ಅಕ್ಟೋಬರಿನಲ್ಲಿ ಹತ್ತಿ ಬರಲು ಶುರುವಾದಾಗ ಮತ್ತೆ ಅಳೆಯುತ್ತೇನೆ.