ಇಪ್ಪತ್ತು ಮನೆಗೆ ಒಂದು ಪಲ್ಪರ್: ನಮ್ಮ ಗುಂಪು ಒಪ್ಪಿದ ಬಗೆ

ಗುಂಪಿನ ದುಡ್ಡಲ್ಲಿ ಏನು ಕೊಳ್ಳೋದು ಎಂದು ತೀರ್ಮಾನಿಸೋಕೆ ಒಬ್ಬೊಬ್ಬರಿಂದ ಚೀಟಿಯಲ್ಲಿ ಎರಡು ನಂಬರ್ ಬರೆಸಿದರೆ ಜನ ಒಪ್ಪುತ್ತಾರಾ ಎಂದು ಕೇಳಿದವರೇ ಈಗ ನನ್ನ ಚೀಟಿಯ ನಕಲು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರರ ಗುಂಪು. ಇಪ್ಪತ್ತರ ಆಸುಪಾಸು ಮನೆ, ಕೈಯಲ್ಲಿ ಸುಮಾರು ಆರು ಲಕ್ಷ. ಅರೇಬಿಕಾ ಕಾಫಿಗೆ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಮಷೀನ್) ತರೋದಾ, ಒಣಗಿಸೋಕೆ ಸಿಮೆಂಟ್ ಕಣ ಮಾಡಿಸೋದಾ, ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಹಾಕೋದಾ? ಕೈ ಎತ್ತಿಸಿದರೆ ಎಲ್ಲರೂ ಹಿರಿಯರ ಮುಖ ನೋಡಿ ಎತ್ತಿದರು. ಪಾಲು ಕಟ್ಟುವ ದಿನ ಅರ್ಧ ಜನ ಬರಲಿಲ್ಲ. ಆಮೇಲೆ 1, 2, 3 ಎಂದು ಬರೆಸಿ ಅಂಕ ಕೂಡಿಸಿದೆವು. ಕಣ ಬೇಕೆಂದವರು ಪಲ್ಪರನ್ನು ಬೇಕಂತಲೇ ಕೊನೆಗೆ ತಳ್ಳಿದರು. ಈ ಎಳೆದಾಟದಲ್ಲಿ ಒಂದು ಕೊಯ್ಲೇ ಹೋಯಿತು. ಕೊಟೇಶನ್ ಮೂವತ್ತು ನಲವತ್ತು ಸಾವಿರ ಏರಿತು. ಕೊಟ್ಟಿದ್ದ ಅಡ್ವಾನ್ಸ್ ಹತ್ತು ಸಾವಿರವೂ ವಾಪಸ್ ಬರಲಿಲ್ಲ.

ತಮಗೆ ಏನು ಬೇಕೆಂದು ಜನರಿಗೇ ಗೊತ್ತಿರಲಿಲ್ಲ. ಅಲ್ಲೇ ನನಗೆ ದಾರಿ ಸಿಕ್ಕಿದ್ದು. ಒಂದೇ ಅಂಕ ಕೇಳೋದು ಬಿಟ್ಟೆ. ಒಂದೊಂದೂ ಎಷ್ಟು ಬೇಕು ಅನ್ನೋದಕ್ಕೆ ಸೊನ್ನೆಯಿಂದ ಹತ್ತರೊಳಗೆ 'ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು' ಎಂದು ಬರೆಸಿದೆ. ಒಬ್ಬರು ಪಲ್ಪರ್‌ಗೆ 2ರಿಂದ 9 ಕೊಟ್ಟರು! "ಯಾಕೆ ಮಾವ ಇಷ್ಟು ಅಂತರ?" ಎಂದೆ. "ನವೆಂಬರಲ್ಲಿ ಮಳೆ ಹಿಡಿದರೆ ಹಣ್ಣು ಒಣಗೋದಿಲ್ಲ, ಆಗ ಪಲ್ಪರೇ ಬೇಕು. ಬಿಸಿಲಿದ್ದರೆ ಕಣ ಸಾಕಲ್ವಾ?" ಅಂದರು. ಮಳೆಗೊಂದು, ಬಿಸಿಲಿಗೊಂದು ಚೀಟಿ ಮಾಡಿದೆ. ಅವರದು 8–9 ಮತ್ತು 2–3 ಆಯಿತು. ಹೆಚ್ಚಿನವರದೂ ಹೀಗೇ. ಮಳೆ ಬಂದರೆ ಯಾವುದು ಬೇಕು ಅನ್ನೋದರಲ್ಲಿ ಜಗಳವೇ ಇರಲಿಲ್ಲ. ಮಳೆ ಬರುತ್ತಾ ಅನ್ನೋದರಲ್ಲಿ ಮಾತ್ರ ಇತ್ತು.

ಲೆಕ್ಕಕ್ಕೆ ಸರಾಸರಿ ಬೇಡ, ಅಂಕಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟು ನಡುವಿನ ಅಂಕ ಹಿಡಿಯಿರಿ. 7, 7, 8, 8 ಇರುವ ಕಡೆ ಒಬ್ಬ ಹಟಕ್ಕೆ 0 ಬರೆದರೆ ಸರಾಸರಿ 6ಕ್ಕೆ ಇಳಿಯುತ್ತದೆ. ನಡುವಿನದು 7ರಲ್ಲೇ ನಿಲ್ಲುತ್ತದೆ. ಹೆಸರಿಲ್ಲದೆ ಅಂಕ ಓದಿ, ನಡುವಿನಿಂದ ದೂರ ಇರುವ ಅಂಕಕ್ಕೆ ಕಾರಣ ಏನಿರಬಹುದು ಎಂದು ಎಲ್ಲರನ್ನೂ ಕೇಳುತ್ತೇನೆ. ಬರೆದವರು ಬೇಕಿದ್ದರೆ ಮಾತಾಡುತ್ತಾರೆ. ಮತ್ತೆ ಚೀಟಿ.

ನಡುವೆ ಕರಿಮೆಣಸಿನ ರೇಟು ಎಷ್ಟಾಗಬಹುದು ಎಂದೂ ಇದೇ ರೀತಿ ಬರೆಸಿ ನೋಡಿದೆ. ಕಡಿಮೆ ಅಂತರ ಕೊಟ್ಟು ಗಟ್ಟಿಯಾಗಿ ಹೇಳಿದವರೇ ಜಾಸ್ತಿ ತಪ್ಪಿದರು. ಹಾಗಾಗಿ ಧೈರ್ಯವಾಗಿ ಹೇಳುವವರ ಅಂಕಕ್ಕೆ ಹೆಚ್ಚು ತೂಕ ಕೊಡುವ ಯೋಚನೆ ಬಿಟ್ಟೆ.

ಮೂರನೇ ಸುತ್ತಿಗೆ ಹದಿನಾರು ಹದಿನೇಳು ಮನೆ ಪಲ್ಪರ್ ಹತ್ತಿರ ಬಂದವು. ಉಳಿದವರಿಗೆ, "ಇಷ್ಟವಿಲ್ಲದಿದ್ದರೆ ಪರವಾಗಿಲ್ಲ, ತಡೆಯದೆ ಇರೋಕೆ ಏನು ಬೇಕು?" ಎಂದು ಕೇಳಿದೆ. ಉತ್ತರ ದುಡ್ಡಿನಲ್ಲೇ ಬಂತು. ಅಂತರ ಇನ್ನೂ ದೊಡ್ಡದಿದ್ದವರು ಅರ್ಧ ಪಾಲು ಈಗ, ಅರ್ಧ ಕೊಯ್ಲು ಮುಗಿದ ಮೇಲೆ ಕೊಡೋದು. ಮಷೀನ್ ಬಳಸದವರಿಗೆ ಕೆಜಿ ಲೆಕ್ಕದಲ್ಲಿ ಬರುವ ಬಾಡಿಗೆಯಲ್ಲಿ ಪಾಲು. ಈ ಸಲ ಎಲ್ಲರೂ ದುಡ್ಡು ಕಟ್ಟಿದರು.

ಈಗ ರೋಬಸ್ಟಾ ಕಾಫಿಯ ಹೂವಿಗೆ ನೀರು ಕೊಡುವ ಮೋಟಾರಿನ ಮಾತು ನಡೆದಿದೆ. ಮೊದಲ ಸುತ್ತು ಮುಗಿದಿದೆ, ಅಂತರ ಇನ್ನೂ ಐದಾರು ಇದೆ. ಹೂಮಳೆಗೊಂದು (ಹೂವರಳಿಸುವ ಮಳೆ ಬಂದರೆ ಅನ್ನೋದಕ್ಕೆ) ಬೇರೆ ಚೀಟಿ ಮಾಡಬೇಕು.